ಎಂಜಿನ್ ರೀಮ್ಯಾಪಿಂಗ್

ಎಂಜಿನ್ ರೀಮ್ಯಾಪಿಂಗ್ ಎಂಬುದು ಮೋಟಾರು ವಾಹನದ ಎಂಜಿನ್ನನ್ನು ನಿಯಂತ್ರಿಸುವ ಗಣಕ ಘಟಕದಲ್ಲಿ ಅಡಗಿರುವ ದತ್ತಾಂಶವನ್ನು ಬದಲಾಯಿಸಿ, ಯಂತ್ರಭಾಗಗಳನ್ನು ಬದಲಿಸದೆಯೇ ಎಂಜಿನ್ನಿನ ನಡವಳಿಕೆಯನ್ನು ಮಾರ್ಪಡಿಸುವ ಪ್ರಕ್ರಿಯೆಯಾಗಿದೆ. ಇದನ್ನು ಇಸಿಯು ಟ್ಯೂನಿಂಗ್, ಚಿಪ್ ಟ್ಯೂನಿಂಗ್ ಅಥವಾ ಬರಿದೆ ರೀಮ್ಯಾಪ್ ಎಂದೂ ಕರೆಯಲಾಗುತ್ತದೆ. ಇಸಿಯು ಎಂದರೆ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್, ಅಂದರೆ ವಿದ್ಯುನ್ಮಾನ ನಿಯಂತ್ರಣ ಘಟಕ. ಆರಂಭದಲ್ಲಿ ಸ್ಪರ್ಧಾ ವಾಹನಗಳಿಗೆ ಸೀಮಿತವಾಗಿದ್ದ ಈ ತಂತ್ರವು ಇಂದು ನಿತ್ಯದ ಓಡಾಟಕ್ಕೆ ಬಳಸುವ ಸಾಮಾನ್ಯ ಕಾರುಗಳಲ್ಲಿಯೂ ಪ್ರಚಲಿತವಾಗಿದೆ. ಕಡಿಮೆ ವೇಗದಲ್ಲಿ ಎಂಜಿನ್ನಿನ ಎಳೆತವನ್ನು ಹೆಚ್ಚಿಸುವುದು, ಗೇರ್ ಬದಲಾವಣೆಯ ಅಗತ್ಯವನ್ನು ತಗ್ಗಿಸುವುದು ಮತ್ತು ವೇಗವರ್ಧಕ ಪೆಡಲಿನ ಸ್ಪಂದನೆಯನ್ನು ಸರಾಗಗೊಳಿಸುವುದು ಇದರ ಮುಖ್ಯ ಉದ್ದೇಶಗಳು. ಆದರೆ ಹೊಗೆಯ ಪ್ರಮಾಣ, ಯಂತ್ರದ ಬಾಳಿಕೆ, ತಯಾರಕರ ಖಾತರಿ, ವಿಮೆ ಹಾಗೂ ಕಾನೂನು ಇವೆಲ್ಲವುಗಳೊಂದಿಗೆ ಈ ಬದಲಾವಣೆಗೆ ನೇರವಾದ ಸಂಬಂಧವಿದೆ.

ಹಿನ್ನೆಲೆ

ಹಳೆಯ ಪೆಟ್ರೋಲ್ ವಾಹನಗಳಲ್ಲಿ ಗಾಳಿ ಮತ್ತು ಇಂಧನವನ್ನು ಬೆರೆಸುವ ಕೆಲಸವನ್ನು ಕಾರ್ಬ್ಯುರೇಟರ್ ಮಾಡುತ್ತಿತ್ತು. ಅದರ ತಿರುಪುಗಳನ್ನು ತಿರುಗಿಸಿ, ಜೆಟ್ಟುಗಳನ್ನು ಬದಲಿಸಿ, ಕಿಡಿ ಹಾರುವ ಸಮಯವನ್ನು ಹಿಂದುಮುಂದಾಗಿಸಿ ಅನುಭವಿ ಮೆಕ್ಯಾನಿಕ್ಕುಗಳು ಎಂಜಿನ್ನನ್ನು ಹದಗೊಳಿಸುತ್ತಿದ್ದರು. ಟ್ಯೂನಿಂಗ್ ಎಂಬ ಪದವು ವಾಹನಗಳಿಗೆ ಅನ್ವಯವಾದದ್ದು ಈ ಕೆಲಸದಿಂದಲೇ. ವೀಣೆಯ ತಂತಿಯನ್ನು ಶ್ರುತಿಗೊಳಿಸುವಂತೆ ಕಿವಿಯ ಅಂದಾಜು ಮತ್ತು ಕೈಯ ಅನುಭವವೇ ಅಂದು ಪ್ರಮಾಣವಾಗಿದ್ದವು.

ವಿದ್ಯುನ್ಮಾನ ನಿಯಂತ್ರಣದ ಮೊದಲ ಪ್ರಯತ್ನಗಳು 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದವು. ಜರ್ಮನಿಯ ಬಾಷ್ ಸಂಸ್ಥೆಯು 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ಇಂಧನ ಸಿಂಪರಣಾ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಅಳವಡಿಸಿತು. ನಿಷ್ಕಾಸ ಅನಿಲದಲ್ಲಿನ ಆಮ್ಲಜನಕವನ್ನು ಅಳೆಯುವ ಲ್ಯಾಂಬ್ಡಾ ಸಂವೇದಕವು 1976ರಲ್ಲಿ ವೋಲ್ವೋ ಕಾರುಗಳಲ್ಲಿ ಕಾಣಿಸಿಕೊಂಡಿತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂದ ಮೋಟ್ರಾನಿಕ್ ವ್ಯವಸ್ಥೆಯು ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಡಿಜಿಟಲ್ ಘಟಕದ ಅಧೀನಕ್ಕೆ ತಂದಿತು. ಅಲ್ಲಿಂದ ಮುಂದೆ ಎಂಜಿನ್ನಿನ ಹದವು ತಿರುಪಿನಿಂದ ಸ್ಮೃತಿಕೋಶದಲ್ಲಿನ ಅಂಕಿಗಳಿಗೆ ವರ್ಗವಾಯಿತು.

1980ರ ದಶಕದ ಘಟಕಗಳಲ್ಲಿ ಈ ಅಂಕಿಗಳು ಇಪ್ರಾಮ್ ಎಂಬ ಚಿಪ್‌ನಲ್ಲಿರುತ್ತಿದ್ದವು. ಘಟಕವನ್ನು ಬಿಚ್ಚಿ, ಚಿಪ್ ತೆಗೆದು, ಹೊಸ ಅಂಕಿಗಳನ್ನು ಬರೆದ ಮತ್ತೊಂದು ಚಿಪ್ಪನ್ನು ಕೂರಿಸಲಾಗುತ್ತಿತ್ತು. ಚಿಪ್ ಟ್ಯೂನಿಂಗ್ ಎಂಬ ಹೆಸರು ಹುಟ್ಟಿದ್ದು ಹೀಗೆ. ಬಳಿಕ ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ ಫ್ಲಾಶ್ ಸ್ಮೃತಿ ಬಂದಿತು. ಅಮೆರಿಕದಲ್ಲಿ 1996ರ ಮಾದರಿ ವರ್ಷದಿಂದ ಒಬಿಡಿ-2 ಎಂಬ ರೋಗನಿದಾನ ಸಂಪರ್ಕವು ಕಡ್ಡಾಯವಾಯಿತು. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದಕ್ಕೆ ಸಮಾನವಾದ ನಿಯಮ ಜಾರಿಗೆ ಬಂದಿತು. ಚಾಲಕನ ಕಾಲಿನ ಬಳಿ ಇರುವ ಈ ಸಂಪರ್ಕ ಕೊಂಡಿಯ ಮೂಲಕವೇ ತಂತ್ರಾಂಶವನ್ನು ಓದುವುದೂ ಬರೆಯುವುದೂ ಸಾಧ್ಯವಾಯಿತು.

ಮ್ಯಾಪ್ ಎಂದರೇನು

ಇಸಿಯುವಿನ ಸ್ಮೃತಿಯಲ್ಲಿ ಎರಡು ಬಗೆಯ ವಿಷಯಗಳಿರುತ್ತವೆ. ಮೊದಲನೆಯದು, ಹೇಗೆ ಲೆಕ್ಕ ಹಾಕಬೇಕೆಂದು ಹೇಳುವ ಕಾರ್ಯಸೂಚಿ. ಎರಡನೆಯದು, ಆ ಲೆಕ್ಕಕ್ಕೆ ಬೇಕಾದ ಅಂಕಿಗಳ ಕೋಷ್ಟಕಗಳು. ಈ ಕೋಷ್ಟಕಗಳನ್ನೇ ಮ್ಯಾಪ್ ಎನ್ನುತ್ತಾರೆ. ಸಾಮಾನ್ಯವಾಗಿ ರೀಮ್ಯಾಪಿಂಗ್‌ನಲ್ಲಿ ಬದಲಾಗುವುದು ಎರಡನೆಯ ಭಾಗ ಮಾತ್ರ.

ಮ್ಯಾಪ್ ಅನ್ನು ಶಾಲೆಯ ಗುಣಾಕಾರ ಕೋಷ್ಟಕಕ್ಕೆ ಹೋಲಿಸಬಹುದು. ಅಡ್ಡ ಸಾಲಿನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬ ಅಂಕಿ ಇರುತ್ತದೆ. ಕಂಬಸಾಲಿನಲ್ಲಿ ಎಂಜಿನ್ನಿನ ಮೇಲಿನ ಹೊರೆ ಇರುತ್ತದೆ. ಎರಡೂ ಸಂಧಿಸುವ ಮನೆಯಲ್ಲಿರುವ ಅಂಕಿಯು ಎಷ್ಟು ಇಂಧನ ಸಿಂಪಡಿಸಬೇಕು ಅಥವಾ ಕಿಡಿಯನ್ನು ಯಾವಾಗ ಹಾರಿಸಬೇಕು ಎಂಬುದನ್ನು ತಿಳಿಸುತ್ತದೆ. ಎರಡು ಮನೆಗಳ ನಡುವಿನ ಸ್ಥಿತಿಗೆ ಘಟಕವು ಸರಾಸರಿಯ ಲೆಕ್ಕದಿಂದ ಉತ್ತರ ಕಂಡುಕೊಳ್ಳುತ್ತದೆ. ಆಧುನಿಕ ಘಟಕವೊಂದರಲ್ಲಿ ಇಂತಹ ಕೋಷ್ಟಕಗಳು ನೂರಾರು ಸಂಖ್ಯೆಯಲ್ಲಿರುತ್ತವೆ. ಅವುಗಳಲ್ಲಿ ಮುಖ್ಯವಾದವು ಇಂತಿವೆ:

• ಚಾಲಕನ ಅಪೇಕ್ಷೆಯ ಮ್ಯಾಪ್: ಪೆಡಲನ್ನು ಒತ್ತಿದ ಪ್ರಮಾಣಕ್ಕೆ ಎಷ್ಟು ತಿರುಚುಬಲ ಬೇಕೆಂದು ನಿರ್ಧರಿಸುತ್ತದೆ.
• ಟಾರ್ಕ್ ಮಿತಿ: ಕ್ಲಚ್ಚು, ಗೇರ್‌ಬಾಕ್ಸ್ ಮುಂತಾದವುಗಳ ರಕ್ಷಣೆಗಾಗಿ ತಿರುಚುಬಲಕ್ಕೆ ಮೇಲ್ಮಿತಿ ವಿಧಿಸುತ್ತದೆ.
• ಬೂಸ್ಟ್ ಮ್ಯಾಪ್: ಟರ್ಬೋಚಾರ್ಜರ್ ಎಷ್ಟು ಒತ್ತಡದಲ್ಲಿ ಗಾಳಿಯನ್ನು ಒಳನೂಕಬೇಕೆಂದು ತಿಳಿಸುತ್ತದೆ.
• ಕಿಡಿಯ ಸಮಯದ ಮ್ಯಾಪ್: ಪೆಟ್ರೋಲ್ ಎಂಜಿನ್ನುಗಳಲ್ಲಿ ಮಾತ್ರ ಇರುತ್ತದೆ.
• ಸಿಂಪರಣೆಯ ಪ್ರಮಾಣ, ಸಮಯ ಮತ್ತು ರೈಲ್ ಒತ್ತಡ: ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ ಪ್ರಮುಖವಾದವು.
• ಹೊಗೆಯ ಮಿತಿ: ಒಳಬಂದ ಗಾಳಿಗೆ ತಕ್ಕಷ್ಟೇ ಡೀಸೆಲ್ ಸಿಂಪರಣೆಯಾಗುವಂತೆ ತಡೆಹಿಡಿಯುತ್ತದೆ.

ಈ ಕೋಷ್ಟಕಗಳು ಒಂದನ್ನೊಂದು ಅವಲಂಬಿಸಿರುತ್ತವೆ. ಒಂದರಲ್ಲಿ ಅಂಕಿ ಹೆಚ್ಚಿಸಿದರೂ ಮತ್ತೊಂದರ ಮಿತಿಯು ಅದನ್ನು ತಡೆಯಬಹುದು. ಆದ್ದರಿಂದ ಎಲ್ಲವನ್ನೂ ಸಮತೂಕದಿಂದ ತಿದ್ದುವುದೇ ವೃತ್ತಿಪರ ರೀಮ್ಯಾಪಿಂಗ್‌ನ ಸಾರ.

ತಯಾರಕರು ಅವಕಾಶ ಉಳಿಸಿರುವುದೇಕೆ

ತಂತ್ರಾಂಶದ ಬದಲಾವಣೆಯಿಂದಲೇ ಶಕ್ತಿ ಹೆಚ್ಚುವುದಾದರೆ ತಯಾರಕರೇ ಅದನ್ನೇಕೆ ಮಾಡುವುದಿಲ್ಲ ಎಂಬ ಪ್ರಶ್ನೆ ಸಹಜ. ಒಂದೇ ಎಂಜಿನ್ ಶೀತಪ್ರದೇಶದಲ್ಲಿಯೂ ಮರುಭೂಮಿಯ ಬಿಸಿಲಿನಲ್ಲಿಯೂ ಸಮುದ್ರಮಟ್ಟದಲ್ಲಿಯೂ ಪರ್ವತದಲ್ಲಿಯೂ ಓಡಬೇಕು. ಗುಣಮಟ್ಟದಲ್ಲಿ ವ್ಯತ್ಯಾಸವಿರುವ ಇಂಧನವನ್ನು ಅದು ಸಹಿಸಿಕೊಳ್ಳಬೇಕು. ಎಣ್ಣೆ ಬದಲಾವಣೆ ತಡವಾದರೂ, ಶೋಧಕದಲ್ಲಿ ಧೂಳು ತುಂಬಿದರೂ ಖಾತರಿಯ ಅವಧಿಯಲ್ಲಿ ಕೆಡಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಹೊಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಈ ಕಾರಣಗಳಿಂದ ತಯಾರಕರು ಸುರಕ್ಷತೆಯ ಅಂತರವೊಂದನ್ನು ಉಳಿಸಿಕೊಳ್ಳುತ್ತಾರೆ. ರೀಮ್ಯಾಪಿಂಗ್ ಈ ಅಂತರದ ಒಂದಂಶವನ್ನು ಬಳಸಿಕೊಳ್ಳುತ್ತದೆ. ಹೀಗಾಗಿ ದೊರೆತ ಹೆಚ್ಚುವರಿ ಶಕ್ತಿಯು ಪುಕ್ಕಟೆಯಾಗಿ ಬಂದುದಲ್ಲ. ಎಲ್ಲಿಯೋ ಉಳಿಸಿಟ್ಟಿದ್ದ ಠೇವಣಿಯಿಂದ ತೆಗೆದದ್ದು.

ಒಂದೇ ಎಂಜಿನ್ನನ್ನು ಭಿನ್ನ ಬೆಲೆಯ ಕಾರುಗಳಲ್ಲಿ ಭಿನ್ನ ಶಕ್ತಿಯೊಂದಿಗೆ ಮಾರುವ ಪದ್ಧತಿಯೂ ಇದೆ. ಆದರೆ ಅವುಗಳ ನಡುವಿನ ವ್ಯತ್ಯಾಸ ಯಾವಾಗಲೂ ತಂತ್ರಾಂಶದ್ದಷ್ಟೇ ಆಗಿರುವುದಿಲ್ಲ.

ಭಾರತದ ಒಂದು ಉದಾಹರಣೆ

ಫಿಯಟ್ ಸಂಸ್ಥೆಯ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಭಾರತದ ರಸ್ತೆಗಳಲ್ಲಿ ಬಹುವಾಗಿ ಪರಿಚಿತವಾದುದು. 1248 ಘನ ಸೆಂಟಿಮೀಟರ್ ಗಾತ್ರದ ಈ ಎಂಜಿನ್ನನ್ನು ಫಿಯಟ್ ಪುಂಟೋ, ಮಾರುತಿ ಸುಜುಕಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ ಮುಂತಾದ ಕಾರುಗಳಲ್ಲಿ ಬಳಸಲಾಯಿತು. ಸ್ವಿಫ್ಟ್ ಕಾರಿನಲ್ಲಿ ಇದು 4000 ಸುತ್ತುಗಳಲ್ಲಿ 75 ಪಿಎಸ್ ಶಕ್ತಿಯನ್ನೂ 2000 ಸುತ್ತುಗಳಲ್ಲಿ 190 ನ್ಯೂಟನ್ ಮೀಟರ್ ತಿರುಚುಬಲವನ್ನೂ ನೀಡುತ್ತಿತ್ತು. ಎಸ್‌ಎಕ್ಸ್4 ಮತ್ತು ಸಿಯಾಜ್ ಕಾರುಗಳಲ್ಲಿ ಅದೇ ಎಂಜಿನ್ 90 ಪಿಎಸ್ ಶಕ್ತಿಯನ್ನೂ 1750 ಸುತ್ತುಗಳಲ್ಲಿ 200 ನ್ಯೂಟನ್ ಮೀಟರ್ ತಿರುಚುಬಲವನ್ನೂ ಕೊಡುತ್ತಿತ್ತು. ಈ ಅಂತರಕ್ಕೆ ತಂತ್ರಾಂಶದ ಜೊತೆಗೆ ಟರ್ಬೋಚಾರ್ಜರ್ ಕೂಡ ಕಾರಣ: ಮೊದಲನೆಯದರಲ್ಲಿ ಸ್ಥಿರ ರಚನೆಯ ಟರ್ಬೋ ಇತ್ತು, ಎರಡನೆಯದರಲ್ಲಿ ರೆಕ್ಕೆಗಳ ಕೋನ ಬದಲಾಗುವ ಟರ್ಬೋ ಇತ್ತು.

ಈ ಎಂಜಿನ್ನುಗಳ ಕುರಿತು ಸಾಮಾನ್ಯವಾಗಿದ್ದ ಆಕ್ಷೇಪವೆಂದರೆ ಟರ್ಬೋ ವಿಳಂಬ. ಸುಮಾರು 2000 ಸುತ್ತುಗಳಿಗಿಂತ ಕೆಳಗೆ ಎಂಜಿನ್ ಮಂದವಾಗಿದ್ದು, ಆ ಮಟ್ಟ ದಾಟುತ್ತಲೇ ಏಕಾಏಕಿ ಮುನ್ನುಗ್ಗುತ್ತಿತ್ತು. ನಗರದ ದಟ್ಟಣೆಯಲ್ಲಿಯೂ ರಸ್ತೆಯ ಉಬ್ಬುಗಳ ಬಳಿಯಲ್ಲಿಯೂ ಘಟ್ಟದ ತಿರುವುಗಳಲ್ಲಿಯೂ ಪದೇ ಪದೇ ಕೆಳಗಿನ ಗೇರಿಗೆ ಇಳಿಯಬೇಕಾಗುತ್ತಿತ್ತು. ಇಂತಹ ಕಾರುಗಳ ಮಾಲೀಕರು ರೀಮ್ಯಾಪ್ ಬಯಸಿದ್ದಕ್ಕೆ ಗರಿಷ್ಠ ವೇಗಕ್ಕಿಂತ ಈ ಅನಾನುಕೂಲತೆಯೇ ಹೆಚ್ಚಿನ ಕಾರಣವಾಗಿತ್ತು. ತಂತ್ರಾಂಶದಿಂದ ವಿಳಂಬವನ್ನು ತಗ್ಗಿಸಬಹುದೇ ಹೊರತು ಪೂರ್ತಿಯಾಗಿ ನೀಗಿಸಲಾಗದು. ಏಕೆಂದರೆ ಟರ್ಬೋ ಚಕ್ರ ವೇಗ ಪಡೆಯಲು ಬೇಕಾದ ನಿಷ್ಕಾಸ ಅನಿಲವು ಕೆಳಸುತ್ತುಗಳಲ್ಲಿ ಸಾಲದು.

ದೈನಂದಿನ ಚಾಲನೆಯ ಗಣಿತ

ಜಾಹೀರಾತುಗಳಲ್ಲಿ ಗರಿಷ್ಠ ಅಶ್ವಶಕ್ತಿಗೆ ಪ್ರಾಧಾನ್ಯ ನೀಡಲಾಗುತ್ತದೆ. ಆದರೆ ನಿತ್ಯದ ಚಾಲನೆಯಲ್ಲಿ ಎಂಜಿನ್ ಬಹುಪಾಲು ಸಮಯ 1200ರಿಂದ 2500 ಸುತ್ತುಗಳ ನಡುವೆ ಇರುತ್ತದೆ. ಕಿಲೋವ್ಯಾಟ್‌ಗಳಲ್ಲಿ ಶಕ್ತಿಯನ್ನು ತಿಳಿಯಲು ತಿರುಚುಬಲವನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿ 9549ರಿಂದ ಭಾಗಿಸಬೇಕು. ಕಾಲ್ಪನಿಕ ಉದಾಹರಣೆಯೊಂದನ್ನು ನೋಡಬಹುದು. 1500 ಸುತ್ತುಗಳಲ್ಲಿ ಎಂಜಿನ್ 140 ನ್ಯೂಟನ್ ಮೀಟರ್ ನೀಡುತ್ತಿದ್ದರೆ ಅಲ್ಲಿನ ಶಕ್ತಿ ಸುಮಾರು 22 ಕಿಲೋವ್ಯಾಟ್. ಅದೇ ಸುತ್ತಿನಲ್ಲಿ 160 ನ್ಯೂಟನ್ ಮೀಟರ್ ದೊರೆತರೆ ಶಕ್ತಿ ಸುಮಾರು 25 ಕಿಲೋವ್ಯಾಟ್‌ಗೆ ಏರುತ್ತದೆ. ಗರಿಷ್ಠ ಶಕ್ತಿಯು ಬದಲಾಗದಿದ್ದರೂ ಈ ಏರಿಕೆಯನ್ನು ಚಾಲಕನು ಪ್ರತಿದಿನ ಅನುಭವಿಸುತ್ತಾನೆ. ಹಾಗಾಗಿ ದೈನಂದಿನ ಬಳಕೆಗೆ ಮಾಡುವ ಒಳ್ಳೆಯ ರೀಮ್ಯಾಪ್‌ನಲ್ಲಿ ತಿರುಚುಬಲದ ರೇಖೆಯ ಎತ್ತರಕ್ಕಿಂತ ಅದರ ಆಕಾರಕ್ಕೆ ಹೆಚ್ಚಿನ ಗಮನ ನೀಡಲಾಗುತ್ತದೆ.

ಎಂಜಿನ್ನಿನ ಬಗೆಗೆ ತಕ್ಕಂತೆ ಫಲವೂ ಬದಲಾಗುತ್ತದೆ. ಟರ್ಬೋ ಇರುವ ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯ ಒತ್ತಡವನ್ನು ತಂತ್ರಾಂಶದಿಂದಲೇ ಏರಿಸಬಹುದಾದ್ದರಿಂದ ಗಣನೀಯ ಬದಲಾವಣೆ ಸಾಧ್ಯ. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ನು ವಾತಾವರಣದ ಒತ್ತಡದಲ್ಲಿ ತಾನೇ ಎಳೆದುಕೊಳ್ಳುವ ಗಾಳಿಯನ್ನಷ್ಟೇ ನೆಚ್ಚಿಕೊಂಡಿರುವುದರಿಂದ ಅದರಲ್ಲಿ ಲಾಭ ಅತ್ಯಲ್ಪ. ಅಂತಹ ಕಾರುಗಳಲ್ಲಿ ಕಂಡುಬರುವ ಚುರುಕುತನವು ಹಲವು ಬಾರಿ ಪೆಡಲಿನ ಮ್ಯಾಪ್ ಬದಲಾದುದರ ಪರಿಣಾಮವಾಗಿರುತ್ತದೆ. ಅರ್ಧ ಒತ್ತಿದಾಗಲೇ ಮುಕ್ಕಾಲು ಒತ್ತಿದಷ್ಟು ಸ್ಪಂದನೆ ದೊರೆಯುತ್ತದೆ, ಶಕ್ತಿ ಮಾತ್ರ ಮೊದಲಿನಷ್ಟೇ ಇರುತ್ತದೆ.

ಮೈಲೇಜ್ ಹೆಚ್ಚುವುದೆಂಬ ಭರವಸೆಯನ್ನು ಎಚ್ಚರದಿಂದ ಪರಿಶೀಲಿಸಬೇಕು. ಕಡಿಮೆ ಸುತ್ತುಗಳಲ್ಲಿ ಮೇಲಿನ ಗೇರಿನಲ್ಲಿಯೇ ಸಾಗಲು ಸಾಧ್ಯವಾದರೆ ಇಂಧನ ಸ್ವಲ್ಪ ಉಳಿಯಬಹುದು. ದೊರೆತ ಶಕ್ತಿಯನ್ನು ಚಾಲಕನು ಬಳಸಿಕೊಂಡರೆ ಇಂಧನದ ವೆಚ್ಚ ಹೆಚ್ಚುತ್ತದೆ.

ಕಾರ್ಯವಿಧಾನ

ವೃತ್ತಿಪರ ರೀಮ್ಯಾಪಿಂಗ್ ಕೆಳಗಿನ ಹಂತಗಳಲ್ಲಿ ನಡೆಯುತ್ತದೆ.

1. ತಪಾಸಣೆ: ಎಂಜಿನ್ ಎಣ್ಣೆ, ಶೋಧಕಗಳು, ಕ್ಲಚ್ಚು, ಟರ್ಬೋ ಕೊಳವೆಗಳು, ಇಂಜೆಕ್ಟರುಗಳು ಸುಸ್ಥಿತಿಯಲ್ಲಿವೆಯೇ ಎಂದು ನೋಡಲಾಗುತ್ತದೆ. ದಾಖಲಾದ ದೋಷಸಂಕೇತಗಳನ್ನು ಓದಲಾಗುತ್ತದೆ. ರೋಗವಿರುವ ಎಂಜಿನ್ನಿಗೆ ರೀಮ್ಯಾಪ್ ಔಷಧವಲ್ಲ.
2. ಮೂಲ ಮಾಪನ: ಡೈನೊ ಎಂಬ ಉರುಳೆಯಂತ್ರದ ಮೇಲೆ ವಾಹನವನ್ನು ಓಡಿಸಿ ಚಕ್ರಗಳಲ್ಲಿ ದೊರೆಯುವ ಶಕ್ತಿಯನ್ನು ಅಳೆಯಲಾಗುತ್ತದೆ. ಗೇರ್‌ಬಾಕ್ಸ್ ಮತ್ತು ಟೈರುಗಳಲ್ಲಿ ಒಂದಿಷ್ಟು ಶಕ್ತಿ ನಷ್ಟವಾಗುವುದರಿಂದ ಈ ಅಂಕಿಯು ತಯಾರಕರು ಘೋಷಿಸಿದ ಅಂಕಿಗಿಂತ ಕಡಿಮೆಯಿರುತ್ತದೆ.
3. ಓದುವಿಕೆ: ಒಬಿಡಿ ಕೊಂಡಿಯ ಮೂಲಕ ಅಥವಾ ಘಟಕವನ್ನು ಹೊರತೆಗೆದು ಮೂಲ ತಂತ್ರಾಂಶದ ಪ್ರತಿಯನ್ನು ಪಡೆಯಲಾಗುತ್ತದೆ. ಇಟಲಿಯ ಏಲಿಯನ್‌ಟೆಕ್ ಸಂಸ್ಥೆಯ ಉಪಕರಣಗಳು ಇದಕ್ಕೆ ಬಳಕೆಯಲ್ಲಿವೆ.
4. ತಿದ್ದುಪಡಿ: ಜರ್ಮನಿಯಲ್ಲಿ ರೂಪುಗೊಂಡ ವಿನ್‌ಓಎಲ್‌ಎಸ್‌ನಂತಹ ತಂತ್ರಾಂಶಗಳಿಂದ ಕೋಷ್ಟಕಗಳನ್ನು ಗುರುತಿಸಿ ತಿದ್ದಲಾಗುತ್ತದೆ. ಕಡತವು ಸರಿಯಾಗಿದೆ ಎಂದು ಘಟಕಕ್ಕೆ ಮನವರಿಕೆಯಾಗಲು ಚೆಕ್‌ಸಮ್ ಎಂಬ ಮೊತ್ತವನ್ನೂ ಸರಿಪಡಿಸಬೇಕು.
5. ಬರವಣಿಗೆ: ತಿದ್ದಿದ ಕಡತವನ್ನು ಘಟಕಕ್ಕೆ ಮರಳಿ ತುಂಬಲಾಗುತ್ತದೆ. ಈ ಹೊತ್ತಿನಲ್ಲಿ ಬ್ಯಾಟರಿಯ ವಿದ್ಯುತ್ತು ಕುಸಿದರೆ ಘಟಕವು ನಿಷ್ಕ್ರಿಯವಾಗುವ ಸಂಭವವಿದೆ. ಆದ್ದರಿಂದ ಹೊರಗಿನಿಂದ ಸ್ಥಿರ ವಿದ್ಯುತ್ ಒದಗಿಸಲಾಗುತ್ತದೆ.
6. ಪರೀಕ್ಷೆ: ಡೈನೊ ಮೇಲೆಯೂ ರಸ್ತೆಯಲ್ಲಿಯೂ ಓಡಿಸಿ ಬೂಸ್ಟ್ ಒತ್ತಡ, ಗಾಳಿ-ಇಂಧನ ಅನುಪಾತ, ಕಿಡಿಯ ಹಿಂಜರಿತ, ನಿಷ್ಕಾಸದ ಉಷ್ಣತೆ ಮುಂತಾದವುಗಳನ್ನು ದಾಖಲಿಸಿ, ಅಗತ್ಯವಿದ್ದರೆ ಮತ್ತೆ ತಿದ್ದಲಾಗುತ್ತದೆ.

ಮೊದಲೇ ಸಿದ್ಧಪಡಿಸಿದ ಕಡತವನ್ನು ಎಲ್ಲ ಕಾರುಗಳಿಗೂ ತುಂಬುವುದು ಅಗ್ಗದ ವಿಧಾನ. ಪ್ರತಿ ವಾಹನವನ್ನೂ ಅಳೆದು ತಿದ್ದುವುದು ದುಬಾರಿಯಾದರೂ ಹೆಚ್ಚು ನಂಬಲರ್ಹವಾದದ್ದು. ಯಂತ್ರಭಾಗಗಳನ್ನು ಬದಲಿಸದ ರೀಮ್ಯಾಪನ್ನು ಸ್ಟೇಜ್ 1 ಎಂದೂ, ನಿಷ್ಕಾಸ ಕೊಳವೆ, ಇಂಟರ್‌ಕೂಲರ್ ಮುಂತಾದವನ್ನು ಬದಲಿಸಿ ಮಾಡುವುದನ್ನು ಸ್ಟೇಜ್ 2 ಎಂದೂ, ಟರ್ಬೋವನ್ನೇ ಬದಲಿಸುವುದನ್ನು ಸ್ಟೇಜ್ 3 ಎಂದೂ ಕರೆಯುವ ರೂಢಿಯಿದೆ. ಇವು ವ್ಯಾಪಾರದ ಹೆಸರುಗಳೇ ಹೊರತು ಯಾವುದೇ ಅಧಿಕೃತ ಮಾನಕಗಳಲ್ಲ.

ಇಸಿಯುವನ್ನು ಮುಟ್ಟದೆ, ಸಂವೇದಕಗಳ ಸಂಕೇತಗಳನ್ನು ನಡುದಾರಿಯಲ್ಲಿ ಬದಲಿಸುವ ಟ್ಯೂನಿಂಗ್ ಬಾಕ್ಸ್ ಅಥವಾ ಪಿಗ್ಗಿಬ್ಯಾಕ್ ಎಂಬ ಸಾಧನಗಳೂ ದೊರೆಯುತ್ತವೆ. ಇವನ್ನು ತೆಗೆದುಹಾಕುವುದು ಸುಲಭ. ಆದರೆ ಘಟಕಕ್ಕೆ ಸುಳ್ಳು ಮಾಹಿತಿ ನೀಡಿ ಕೆಲಸ ಸಾಧಿಸುವುದರಿಂದ ಇವುಗಳ ನಿಖರತೆ ಕಡಿಮೆ.

ಅಪಾಯಗಳು

ಡೀಸೆಲ್ ಎಂಜಿನ್ನಿಗೆ ಗಾಳಿಗಿಂತ ಹೆಚ್ಚಿನ ಇಂಧನ ನೀಡಿದರೆ ಕಪ್ಪು ಹೊಗೆ ಬರುತ್ತದೆ, ನಿಷ್ಕಾಸದ ಉಷ್ಣತೆ ಏರುತ್ತದೆ, ಟರ್ಬೋಗೆ ಹಾನಿಯಾಗುತ್ತದೆ. ಮಸಿಶೋಧಕ ಇರುವ ವಾಹನಗಳಲ್ಲಿ ಅದು ಬೇಗನೆ ಕಟ್ಟಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯನ್ನು ಅತಿಯಾಗಿ ಮುಂದಕ್ಕೆ ತಂದರೆ ನಾಕಿಂಗ್ ಎಂಬ ಅಕಾಲಿಕ ಸ್ಫೋಟ ಉಂಟಾಗಿ ಪಿಸ್ಟನ್ನುಗಳು ಕೆಡುತ್ತವೆ. ನೇರ ಸಿಂಪರಣೆಯ ಟರ್ಬೋ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಡಿಮೆ ಸುತ್ತಿನಲ್ಲಿ ಹೆಚ್ಚಿನ ಹೊರೆ ಹೇರಿದಾಗ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ದೈನಂದಿನ ಚಾಲನೆಗೆ ಹಿತವೆನಿಸುವ ಕೆಳಸುತ್ತಿನ ಎಳೆತವನ್ನು ಮಿತಿಮೀರಿ ಹೆಚ್ಚಿಸಬಾರದೆಂಬುದಕ್ಕೆ ಇದೂ ಒಂದು ಕಾರಣ. ಕ್ಲಚ್ಚು ಜಾರುವುದು ರೀಮ್ಯಾಪ್ ನಂತರ ಸಾಮಾನ್ಯವಾಗಿ ಮೊದಲು ಕಾಣುವ ದೋಷ.

ಇಂಧನದ ಗುಣವೂ ಮುಖ್ಯ. ಭಾರತದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಸಂಖ್ಯೆಗೆ ಬಹುಕಾಲ 91ರ ಮಾನಕವಿತ್ತು. ಯುರೋಪಿನಲ್ಲಿ 95 ಸಾಮಾನ್ಯ. ಆದ್ದರಿಂದ ವಿದೇಶದಲ್ಲಿ ಸಿದ್ಧವಾದ ಕಡತವು ಇಲ್ಲಿಗೆ ಹೊಂದಿಕೆಯಾಗುವುದೆಂದು ಭಾವಿಸಲಾಗದು. ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ ಸುಮಾರು 9 ಪಾಲು ಸಾಕು. ಎಥನಾಲ್ ಮಿಶ್ರಣದ ಪ್ರಮಾಣ ಬದಲಾದಂತೆ ಬೇಕಾದ ಇಂಧನದ ಲೆಕ್ಕವೂ ಬದಲಾಗುತ್ತದೆ ಎಂಬುದನ್ನು ತಿದ್ದುವವರು ಗಮನದಲ್ಲಿಡಬೇಕು.

ಪರಿಸರ ಮತ್ತು ಆರೋಗ್ಯ

ತಂತ್ರಾಂಶದ ಅಂಕಿಗಳು ಗಾಳಿಯ ಶುದ್ಧತೆಯನ್ನು ಎಷ್ಟರ ಮಟ್ಟಿಗೆ ನಿರ್ಧರಿಸುತ್ತವೆ ಎಂಬುದು 2015ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ತಿಳಿಯಿತು. ಫೋಕ್ಸ್‌ವ್ಯಾಗನ್ ಸಂಸ್ಥೆಯ ಡೀಸೆಲ್ ಕಾರುಗಳು ಪರೀಕ್ಷೆಯ ಸಂದರ್ಭವನ್ನು ಗುರುತಿಸಿ ಆಗ ಮಾತ್ರ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸುತ್ತಿದ್ದವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ವಾಹನಗಳಲ್ಲಿ ಈ ತಂತ್ರಾಂಶವಿತ್ತು. ಭಾರತದಲ್ಲಿಯೂ ಸುಮಾರು 3.2 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ ತಂತ್ರಾಂಶ ಬದಲಿಸುವುದಾಗಿ ಸಂಸ್ಥೆ ತಿಳಿಸಿತು.

ಬಳಕೆದಾರರ ಕಡೆಯಿಂದಲೂ ಇಂತಹ ಹಾನಿಯಾಗುತ್ತದೆ. ಮಸಿಶೋಧಕವನ್ನು ಕಿತ್ತುಹಾಕಿ, ನಿಷ್ಕಾಸ ಮರುಬಳಕೆಯ ಕವಾಟವನ್ನು ಮುಚ್ಚಿ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳದಂತೆ ತಂತ್ರಾಂಶವನ್ನು ತಿದ್ದುವ ಪರಿಪಾಠ ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ ಸುಮಾರು ಒಂದು ದಶಕದ ಅವಧಿಯಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ವಾಹನಗಳಿಂದ ಹೊಗೆನಿಯಂತ್ರಣ ಸಾಧನಗಳನ್ನು ತೆಗೆಯಲಾಗಿದೆ ಎಂದು 2020ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿತು. ಬ್ರಿಟನ್ನಿನಲ್ಲಿ 2014ರ ಫೆಬ್ರವರಿಯಿಂದ ಮಸಿಶೋಧಕವಿಲ್ಲದ ವಾಹನವು ವಾರ್ಷಿಕ ತಪಾಸಣೆಯಲ್ಲಿ ಅನುತ್ತೀರ್ಣವಾಗುತ್ತದೆ.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಮಾನಕವು ಡೀಸೆಲ್ ಕಾರುಗಳ ನೈಟ್ರೋಜನ್ ಆಕ್ಸೈಡ್ ಮಿತಿಯನ್ನು ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80 ಮಿಲಿಗ್ರಾಂಗೆ ಇಳಿಸಿತು. ಆದರೆ ಪಿಯುಸಿ ತಪಾಸಣೆಯಲ್ಲಿ ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆಯನ್ನಷ್ಟೇ ನೋಡಲಾಗುತ್ತದೆ. ನೈಟ್ರೋಜನ್ ಆಕ್ಸೈಡ್‌ಗಳನ್ನು ಅಳೆಯುವುದಿಲ್ಲ. ಹೀಗಾಗಿ ಪಿಯುಸಿ ಪ್ರಮಾಣಪತ್ರ ದೊರೆತ ಮಾತ್ರಕ್ಕೆ ರೀಮ್ಯಾಪ್ ಆದ ಕಾರು ಮಾನಕದೊಳಗಿದೆ ಎಂದು ಹೇಳಲಾಗದು. ಕಣ್ಣಿಗೆ ಕಾಣದ ಈ ಅನಿಲಗಳು ಶ್ವಾಸಕೋಶಕ್ಕೆ ಹಾನಿಕರ. ಅದರ ಬೆಲೆಯನ್ನು ತೆರುವವರು ಕಾರಿನ ಮಾಲೀಕರಷ್ಟೇ ಅಲ್ಲ, ರಸ್ತೆ ಬದಿಯಲ್ಲಿ ನಡೆಯುವವರೂ ಹೌದು.

ಕಾನೂನು, ಖಾತರಿ ಮತ್ತು ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿರ್ದಿಷ್ಟಪಡಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾಲೀಕರು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ತಂತ್ರಾಂಶದ ಬದಲಾವಣೆ ಹೊರನೋಟಕ್ಕೆ ಕಾಣುವುದಿಲ್ಲವೆಂಬುದು ಅದನ್ನು ಕಾನೂನುಬದ್ಧಗೊಳಿಸುವುದಿಲ್ಲ.

ಅಧಿಕೃತ ಸೇವಾ ಕೇಂದ್ರಗಳು ಘಟಕದಲ್ಲಿ ದಾಖಲಾದ ಬರವಣಿಗೆಯ ಎಣಿಕೆ ಮತ್ತು ಚೆಕ್‌ಸಮ್‌ಗಳಿಂದ ಮಾರ್ಪಾಡನ್ನು ಪತ್ತೆಹಚ್ಚಬಲ್ಲವು. ಆಗ ಎಂಜಿನ್ ಮತ್ತು ಗೇರ್‌ಬಾಕ್ಸಿನ ಖಾತರಿ ನಿರಾಕರಣೆಯಾಗಬಹುದು. ಸೇವೆಯ ವೇಳೆ ತಯಾರಕರ ಹೊಸ ತಂತ್ರಾಂಶವನ್ನು ತುಂಬಿದರೆ ರೀಮ್ಯಾಪ್ ಅಳಿಸಿಹೋಗುವುದೂ ಉಂಟು. ವಿಮಾ ಸಂಸ್ಥೆಗೆ ತಿಳಿಸದ ಮಾರ್ಪಾಡು ಅಪಘಾತದ ಪರಿಹಾರದ ಹೊತ್ತಿನಲ್ಲಿ ವಿವಾದಕ್ಕೆ ಎಡೆಮಾಡಬಹುದು.

ಕರ್ನಾಟಕದ ನಂಟು

ಇಂಧನ ಸಿಂಪರಣಾ ತಂತ್ರಜ್ಞಾನಕ್ಕೂ ಬೆಂಗಳೂರಿಗೂ ಹಳೆಯ ಸಂಬಂಧವಿದೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಇಂಧನ ಪಂಪುಗಳನ್ನು ತಯಾರಿಸುತ್ತಿತ್ತು. 2008ರಲ್ಲಿ ಅದಕ್ಕೆ ಬಾಷ್ ಲಿಮಿಟೆಡ್ ಎಂಬ ಹೆಸರಾಯಿತು. ಬಾಷ್ ಸಮೂಹದ ವಾಹನ ತಂತ್ರಾಂಶ ಕೇಂದ್ರವೂ ನಗರದಲ್ಲಿದೆ. ಘಟ್ಟದ ಏರುದಾರಿ ಮತ್ತು ನಗರದ ದಟ್ಟಣೆ ಎರಡನ್ನೂ ಕಾಣುವ ಇಲ್ಲಿನ ಚಾಲಕರಲ್ಲಿ ರೀಮ್ಯಾಪಿಂಗ್ ಕುರಿತು ಆಸಕ್ತಿಯಿದ್ದು, ಈ ಸೇವೆ ನೀಡುವ ಖಾಸಗಿ ಕಾರ್ಯಾಗಾರಗಳೂ ಬೆಂಗಳೂರಿನಲ್ಲಿವೆ.

ಗಮನಿಸಬೇಕಾದ ಅಂಶಗಳು

• ಮಾರ್ಪಾಡಿಗೆ ಮುನ್ನ ಮತ್ತು ನಂತರ ಒಂದೇ ಡೈನೊ ಮೇಲೆ ಪಡೆದ ಮಾಪನಗಳನ್ನು ಹೋಲಿಸಬೇಕು.
• ಮೂಲ ತಂತ್ರಾಂಶದ ಪ್ರತಿಯನ್ನು ಉಳಿಸಿಕೊಳ್ಳಬೇಕು. ಅಗತ್ಯವಾದರೆ ಹಿಂದಿನ ಸ್ಥಿತಿಗೆ ಮರಳಲು ಅದು ನೆರವಾಗುತ್ತದೆ.
• ಹೊಗೆನಿಯಂತ್ರಣ ಸಾಧನಗಳನ್ನು ತೆಗೆಯುವ ಅಥವಾ ನಿಷ್ಕ್ರಿಯಗೊಳಿಸುವ ಸಲಹೆಯನ್ನು ಒಪ್ಪಬಾರದು.
• ಎಣ್ಣೆ ಮತ್ತು ಶೋಧಕಗಳ ಬದಲಾವಣೆಯನ್ನು ನಿಗದಿತ ಅವಧಿಗೆ ತಪ್ಪದೆ ಮಾಡಿಸಬೇಕು.
• ಎಂಜಿನ್ ಮಂದವಾಗಿರುವುದಕ್ಕೆ ಕಟ್ಟಿಕೊಂಡ ಶೋಧಕ, ಸೋರುವ ಟರ್ಬೋ ಕೊಳವೆ ಅಥವಾ ಸವೆದ ಇಂಜೆಕ್ಟರ್ ಕಾರಣವಾಗಿದ್ದರೆ, ಅದನ್ನು ಸರಿಪಡಿಸಿದಾಗಲೇ ಅಪೇಕ್ಷಿತ ಚುರುಕುತನ ಮರಳಬಹುದು. ಹಾಗಾದಾಗ ರೀಮ್ಯಾಪಿಂಗ್‌ನ ಅಗತ್ಯವೇ ಉಳಿಯುವುದಿಲ್ಲ.

ಇವನ್ನೂ ನೋಡಿ

• ಟರ್ಬೋಚಾರ್ಜರ್
• ಕಾಮನ್ ರೈಲ್ ಇಂಧನ ಸಿಂಪರಣೆ
• ಅಂತರ್ದಹನ ಯಂತ್ರ
• ಭಾರತ್ ಸ್ಟೇಜ್ ಹೊಗೆ ಮಾನಕಗಳು